ನಾಲ್ಕನೆಯ ಗುಂಡಿ

ಟಿಕ್, ಟಿಕಿಟಿಕಿ, ಟಿಕ್ — ಬಂತು, ಮಗ ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಬರುತ್ತಿದೆ, ಮೇಸ್ತ್ರಿ ಬಾನೆಟ್ ಎತ್ತಿದ ಕೂಡಲೇ ಗಪ್‌ಚುಪ್, ಬೈಸಿಕೊಂಡ ಮಗುವಿನ ಹಾಗೆ, ಗ್ಯಾರೇಜಿನ ಮೂಲೆಯ ಸ್ಟೂಲಿನ ಮೇಲೆ ಕೂತ ಆಕೆಗೆ ನಗು ಬಂತು, ನಗಬಾರದು, ಬಾಯಿ ಒರೆಸಿಕೊಂಡ ಹಾಗೆ ಮಾಡಿದಳು, ಮೂವತ್ತಾರು ವರ್ಷದಿಂದ ಇದೇ ಆಟ, ತೆಗೆದರೆ ಮಾಯ, ಮುಚ್ಚಿದರೆ ಹಾಜರು. ಎಲ್ಲರ ಬಾಯಲ್ಲೂ ಅವನು ಕಡ್ಡಿ ಮೇಸ್ತ್ರಿ, ಮರದ ಕಡ್ಡಿಯ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ, ಜಪಕ್ಕೆ ಕೂತವನ ಹಾಗೆ ಕಣ್ಣು ಮುಚ್ಚಿದ್ದಾನೆ, ಆಗ ಮೀಸೆ ಕಪ್ಪಿತ್ತು, ಈಗ ಹತ್ತಿ, ಕಡ್ಡಿ ಮಾತ್ರ ಅದೇ. ವಾಲ್ವ್ ಸರಿ ಇದೆ, ಪಂಪು ಸರಿ ಇದೆ, ಹಾಗಾದ್ರೆ ಹೊಟ್ಟೆಯೊಳಗೇ ಏನೋ ಸವೆದಿದೆ ಸಾಹೇಬ್ರೇ, ಎಂಜಿನ್ ಇಳಿಸ್ಬೇಕು, ಆದ್ರೆ ಬಿಚ್ಚಿದ ಮೇಲೆ ಕೂಡಿಸೋಕೆ ಸಾಮಾನು ಎಲ್ಲೂ ಸಿಗಲ್ಲ, ಮತ್ತೆ ಓಡುತ್ತೆ ಅಂತ ನಾನು ಮಾತು ಕೊಡಲ್ಲ. ಇಳಿಸಿಬಿಡಿ, ಓಡದಿದ್ರೆ ಬೇಡ, ಈ ಸದ್ದು ಇಟ್ಕೊಂಡು ಅಮ್ಮನ್ನ ಕೂರಿಸ್ಕೊಂಡು ಹೋಗೋಕೆ ನಂಗೆ ಭಯ, ಎನ್ನುತ್ತಾನೆ ಮಗ —

ಭಯ, ಇವನೇ ಆಡಬೇಕೇ ಆ ಮಾತನ್ನು, ಇವನು ಮೂರು ತಿಂಗಳ ಕೂಸಾಗಿ ಮಡಿಲಲ್ಲಿದ್ದಾಗ ಆಕೆಯ ಎದೆಯಲ್ಲಿದ್ದದ್ದೂ ಅದೇ, ಸ್ಟಿಯರಿಂಗ್ ಹಿಡಿದರೆ ಯಜಮಾನರಿಗೆ ಗಾಳಿ ಹೊಕ್ಕಂತೆ, ಮುಳ್ಳು ಅರವತ್ತು, ಎಪ್ಪತ್ತು, ಮರಗಳೆಲ್ಲ ಒಂದಕ್ಕೊಂದು ಅಂಟಿ ಗೋಡೆಯಾಗುತ್ತಿದ್ದವು, ಸ್ವಲ್ಪ ನಿಧಾನ ಹೋದ್ರೆ ಆಗಲ್ವಾ ಎಂದರೆ, ಸುಮ್ನೆ ಕೂತ್ಕೊಳ್ಳೇ, ನನ್ನ ಕೈಮೇಲೆ ನಂಬಿಕೆ ಇಲ್ವಾ ಎಂಬ ನಗು, ನಂಬಿಕೆ ದೇವರ ಮೇಲಿದೆ ಎಂದಿದ್ದಳೇ, ಇಲ್ಲ, ಅಂದುಕೊಂಡಿದ್ದಳು ಅಷ್ಟೇ. ಒಂದು ಬೆಳಿಗ್ಗೆ ಅವರು ಬಾನೆಟ್ ಎತ್ತಿಟ್ಟು ನೀರು ತರಲು ಒಳಗೆ ಹೋದಾಗ, ಕಾರಿನ ಬಾಗಿಲಿಗೆ ನೇತುಹಾಕಿದ್ದ ಅವರ ಕಂದು ಕೋಟಿನಿಂದ, ಸಡಿಲವಾಗಿದ್ದ ನಾಲ್ಕನೆಯ ಹಿತ್ತಾಳೆ ಗುಂಡಿಯನ್ನು ಕಿತ್ತು, ಬಾನೆಟ್ಟಿನ ಒಳಮೈಯ ಟೊಳ್ಳು ಪಟ್ಟಿಯ ತೂತಿನೊಳಗೆ — ದೇವರೇ ಕ್ಷಮಿಸು — ಹಾಕಿಬಿಟ್ಟಳು. ಎಂಥದ್ದೋ ಒಂದು ಸದ್ದಾಗಲಿ, ಹೆದರಲಿ ಎಂದಷ್ಟೇ. ಬಾನೆಟ್ ಎತ್ತಿದರೆ ಅದು ಮೂಲೆಗೆ ಜಾರಿ ತೆಪ್ಪಗಿರುತ್ತದೆಂದು ಆಕೆಗಾದರೂ ಏನು ಗೊತ್ತಿತ್ತು? ನಲವತ್ತು ದಾಟಿದರೆ ಟಿಕಿಟಿಕಿ, ಅವರು ಹುಬ್ಬು ಗಂಟಿಕ್ಕಿ ಕಾಲು ಸಡಿಲಿಸುವುದು, ಗೋಡೆ ಮತ್ತೆ ಮರಗಳಾಗುವುದು, ಮಗು ಕಿಟಕಿಯಲ್ಲಿ ಹಕ್ಕಿ ತೋರಿಸುವುದು, ಗಂಡ ಹೆಂಡತಿ ಮನಸ್ಸು ಬಿಚ್ಚಿ ಆಡಿದ ಮಾತೆಲ್ಲ ನಲವತ್ತರೊಳಗೇ ಆಡಿದ್ದು. ಒಮ್ಮೆ ಮಾತ್ರ, ಮಗ ಶಾಲೆ ಸೇರಿದ ವರ್ಷ, ಎರಡು ದಿನ ಸದ್ದು ನಿಂತಿತ್ತು, ಮೂರನೆಯ ದಿನ ತಾನಾಗಿ ಬಂತು, ದನಿ ತುಸು ದಪ್ಪ, ನೆಗಡಿಯಾದ ಹಾಗೆ. ಅದೇ ಸುಮಾರಿಗೆ ಕೋಟಿಗೂ ಗುಂಡಿ ಬಂದಿತ್ತಲ್ಲ, ಉಳಿದವೆಲ್ಲ ಕಂದು ದಾರ, ಇದೊಂದು ನೀಲಿ, ಹೊಲಿಗೆ ಸೊಟ್ಟ, ಯಾವ ದರ್ಜಿಯೋ ಪುಣ್ಯಾತ್ಮ, ಅಂಥದ್ದೇ ಗುಂಡಿ ಎಲ್ಲಿ ಹುಡುಕಿದನೋ, ಕೇಳುವ ಬಾಯಿ ತನಗೆಲ್ಲಿತ್ತು, ಅವರು ಹೋಗಿ ವರ್ಷವಾಯಿತು, ಕೋಟು ಇನ್ನೂ ಬೀರುವಿನಲ್ಲಿದೆ —

ಝಣ್, ಸರಪಳಿ ಇಳಿಯಿತು, ಕೊಕ್ಕೆ ಎಂಜಿನ್ನಿನ ಹತ್ತಿರ ತೂಗುತ್ತಿದೆ, ಈಗ ಹೇಳದಿದ್ದರೆ ಕಾರು ಹೋಯಿತು, ಹೇಳಿದರೆ ಇಷ್ಟು ವರ್ಷ ಗಂಡನಿಗೆ ಮಾಡಿದ ಮೋಸ ಮಗನ ಮುಂದೆ ಬಯಲು, ಆ ಕಡ್ಡಿ ಒಲೆಗೆ ಹಾಕಯ್ಯಾ ಎಂದು ಯಜಮಾನರಿಂದ ಬೈಸಿಕೊಂಡ ಈ ಮೇಸ್ತ್ರಿಯ ಮುಂದೆಯೂ ಬಯಲು, ಕಾಲು ತಾನಾಗಿ ಎದ್ದವು, ಇಳಿಸ್ಬೇಡಿ, ಅದು ನಾನು ಹಾಕಿದ ಗುಂಡಿ. ಎಲ್ಲ ಹೇಳಿದಳು. ಮಗ ಕೊಕ್ಕೆಯನ್ನು ಪಕ್ಕಕ್ಕೆ ಸರಿಸಿದ, ಮೇಸ್ತ್ರಿ ಕಡ್ಡಿ ಊರಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಅಮ್ಮಾವ್ರೇ, ನನ್ನ ಅರ್ಧ ಆಯಸ್ಸು ನಿಮ್ಮ ಗುಂಡಿಗೆ ಹೋಯ್ತಲ್ರೀ, ನಗುತ್ತಲೇ ತೂತಿನೊಳಗೆ ತಂತಿ ಬಿಟ್ಟು ಕೆದಕಿದ, ಠಣ್ ಎಂದು ಅಂಗೈಗೆ ಬಿತ್ತು, ನಗು ನಿಂತಿತು. ಇದು ಗುಂಡಿ ಅಲ್ಲ ಅಮ್ಮಾವ್ರೇ. ನಟ್ಟು. ಒಳಗೆ ಬೇರೇನೂ ಇಲ್ಲ.

ನಟ್ಟು, ಆಕೆಯ ಅಂಗೈಯಲ್ಲಿ, ಇನ್ನೂ ಬೆಚ್ಚಗಿದೆ, ಗುಂಡಿಗಿಂತ ತೂಕ, ಅದಕ್ಕೇ ದನಿ ದಪ್ಪವಾಗಿತ್ತು, ಹಾಗಾದರೆ ಆ ಹುಬ್ಬು ಗಂಟಿಕ್ಕುವುದು, ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಕಣೇ ಎನ್ನುವುದು, ಪಾಪ ಮೇಸ್ತ್ರಿಯನ್ನು ಬೈಯುವುದು, ಎಲ್ಲ, ಎಲ್ಲ ಗೊತ್ತಿದ್ದೂ, ಕೊನೆಯ ದಿನದವರೆಗೂ ನಲವತ್ತರೊಳಗೆ — ಆ ವರ್ಷ ಮಗನ ಶಾಲೆಯ ಅಂಗಿಗೆಂದು ತಾನೇ ತಂದು ಡಬ್ಬಿಯಲ್ಲಿಟ್ಟಿದ್ದ ನೀಲಿ ದಾರ, ಸೂಜಿಯ ಕಣ್ಣು ಕಾಣದ ಅವರು, ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡರೋ, ಸೊಟ್ಟ ಹೊಲಿಗೆ, ನಾಲ್ಕನೆಯ ಗುಂಡಿ, ನೀಲಿ ದಾರ, ನೀಲಿ ದಾರ