ಓಡಿಹೋದವಳು ಅನ್ನಬೇಡಿ

೧

ಎಲ್ಲಿಂದ ಶುರು ಮಾಡಲಿ ಎಂದು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದವನಿಗೆ ಕೊನೆಗೂ ಮೊದಲ ವಾಕ್ಯ ಸಿಕ್ಕಿತು: ‘ಕಡಬದ ಕಾಳಯ್ಯನ ಮಗಳು ಸ್ವರ್ಣಲತಾ ಒಂದು ಬೆಳಿಗ್ಗೆ ಓಡಿಹೋದಳು.’ ಓದುಗರೇ, ನಿಜ ಹೇಳಿ, ಇಂಥ ವಾಕ್ಯ ಕಂಡ ಮೇಲೆ ಮುಂದಿನ ಸಾಲಿಗೆ ಹೋಗದೆ ಇರುತ್ತೀರಾ? ಖುಷಿ ತಡೆಯಲಾರದೆ ಅದನ್ನು ಸ್ವರ್ಣಲತಾಳಿಗೇ ವಾಟ್ಸಾಪ್ ಮಾಡಿದೆ. (ಪಾತ್ರಗಳಿಗೆ ವಾಟ್ಸಾಪ್ ಮಾಡುವ ಲೇಖಕನಿಗೆ ಆಗಬೇಕಾದ್ದೇ ಆಯಿತು.) ಕುಣಿಗಲ್‌ನಿಂದ ತಕ್ಷಣ ಫೋನ್ ಬಂತು.

“ಸಾರ್, ಅದೊಂದ್ ಮಾತು ಬುಟ್ಟು ಇನ್ನೇನ್ ಬೇಕಾದ್ರೂ ಬರ್ಕೊಳಿ. ಆ ಮಾತಿಂದ ನನ್ ಮದ್ವೆನೇ ಮುರಿದ್ಹೋಗ್ತಿತ್ತು.”

“ಆದ್ರೆ ನೀವು ಓಡಿದ್ದು ನಿಜ ತಾನೆ?”

“ಓಡಿದ್ದೂ ನಿಜ, ಹೋಗಿದ್ದೂ ನಿಜ. ಎರಡ್ನೂ ಅಂಟಿಸ್ಬೇಡಿ ಅಷ್ಟೆ.”

ಅವಳಿಗಾದರೂ ನನ್ನ ಕಥೆಗಿಂತ ದೊಡ್ಡ ತಲೆನೋವಿತ್ತು. ಬಸುರಿಯಾಗಿದ್ದಾಗ ಬಿಟ್ಟ ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆಯಲು ಇದೇ ಕಡೆಯ ಅವಕಾಶ. ಪಾಸಾದರೆ ಬಿ.ಎ. ಕೈಗೆ ಬರುತ್ತದೆ, ಮುಂದೆ ಬಿ.ಪಿ.ಎಡ್., ಆಮೇಲೆ ಪಿ.ಟಿ. ಮೇಡಂ. ಇಲ್ಲದಿದ್ದರೆ ಮೈದಾನದ ಆಸೆ ಅಲ್ಲಿಗೇ ಮುಗಿಯಿತು. ಪಿ.ಟಿ. ಮೇಡಂ ವಿಷಯ ಅವಳಿನ್ನೂ ಅತ್ತೆಗೆ ಹೇಳಿರಲಿಲ್ಲ.

೧ (ಮತ್ತೆ)

ಸರಿ, ಅಂಟಿಸದೆ ಹೇಳುತ್ತೇನೆ.

ಬೆಳಕು ಹರಿಯುವ ಮುಂಚೆ ಕಡಬದ ಕೆರೆ ಏರಿಯ ಮೇಲೆ ಒಬ್ಬ ಹುಡುಗಿ ಓಡುತ್ತಿದ್ದಳು. ಮೇಲೆ ಅಣ್ಣನ ಹಳೇ ಟೀಶರ್ಟು, ಕೆಳಗೆ ಸ್ಕೂಲ್ ಯೂನಿಫಾರ್ಮಿನ ಪ್ಯಾಂಟು. ಏರಿಯ ತುದಿ ಮುಟ್ಟಿ ತಿರುಗಿದರೆ ತೆಂಗಿನ ತೋಟದ ಕಡೆಯಿಂದ ತಣ್ಣನೆ ಗಾಳಿ. ಮನೆಗೆ ಬಂದರೆ ಅಮ್ಮ ರಂಗಮ್ಮ ಹುರಿಹಿಟ್ಟಿಗೆ ಬೆಲ್ಲ ಕಲಸಿ, ಮೇಲೊಂದು ತಟ್ಟೆ ಮುಚ್ಚಿ ಇಟ್ಟಿರುತ್ತಿದ್ದಳು. “ಆ ಘಮ ಈಗ್ಲೂ ಮೂಗಲ್ಲೈತೆ ಸಾರ್” ಅಂದಳು. ಅನ್ನುವಾಗ ದನಿ ಸ್ವಲ್ಪ ಇಳಿಯಿತು. ನನಗೂ ನನ್ನಮ್ಮನ ಅಡಿಗೆಮನೆ ನೆನಪಾಯಿತು.

ಆ ಓಟದಿಂದಲೇ ತುಮಕೂರಿನ ಕಾಲೇಜಿನಲ್ಲಿ ಸ್ಪೋರ್ಟ್ಸ್ ಕೋಟಾದ ಸೀಟು ಸಿಕ್ಕಿತು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಅಪ್ಪ ಕಾಳಯ್ಯನಿಗಂತೂ ಓದುವುದಕ್ಕೂ ಓಡುವುದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ “ಮಗಳು ಏನ್ ಓದ್ತಾವ್ಳೆ ಕಾಳಣ್ಣ?” ಅಂದರೆ, “ಎಂಟ್ನೂರು ಮೀಟ್ರು” ಅನ್ನುತ್ತಿದ್ದ. (ಇದು ನಾನು ಕಟ್ಟಿದ್ದಲ್ಲ. ಇಷ್ಟು ಚೆನ್ನಾಗಿ ಕಟ್ಟಲು ನನಗೆ ಬರುವುದಿಲ್ಲ.)

೩

(ಎರಡನೆಯ ಭಾಗ ಅಳಿಸಿದೆ. ಅದರ ತುಂಬ ಹಾಸ್ಟೆಲ್ ಸಾಂಬಾರಿನ ಬೈಗುಳವಿತ್ತು.)

ಅವಳಿನ್ನೂ ಓದುತ್ತಿರುವಾಗಲೇ ಹೆಣ್ಣು ನೋಡಲು ಬಂದರು. ಕುಣಿಗಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ತಿಮ್ಮರಾಜು, ಜೊತೆಗೆ ಅವನ ತಾಯಿ ಸಿದ್ದಲಕ್ಷ್ಮಮ್ಮ. ಬರುವ ದಾರಿಯಲ್ಲಿ ಗುಬ್ಬಿಯಲ್ಲಿ ಯಾರೋ ಆಕೆಯ ಕಿವಿಗೆ ಒಂದು ಮಾತು ಹಾಕಿದ್ದರು.

“ಯಜಮಾನ್ರೆ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಹುಡ್ಗಿ ಓಡೋಗಿತ್ತಂತೆ?”

ಕಾಳಯ್ಯನ ಎದೆ ಉಬ್ಬಿತು. “ಊಂ ಕಣಮ್ಮ! ಮೈಸೂರ್ಗೂ ಓಡುದ್ಲು, ಧಾರವಾಡಕ್ಕೂ ಓಡುದ್ಲು.”

“ಎಲ್ಡ್ ಸಲನಾ! ಯಾರ್ ಜೊತೆ?”

“ಏಳೆಂಟ್ ಜನದ್ ಜೊತೆ. ಎಲ್ಲಾರ್ಗಿಂತ ಮುಂದೆ ಇವ್ಳೇಯ!”

ಸಿದ್ದಲಕ್ಷ್ಮಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದೇಬಿಟ್ಟರು. ತಿಮ್ಮರಾಜು ಮಾತ್ರ ಗೋಡೆಯ ಮೊಳೆಗೆ ನೇತುಹಾಕಿದ್ದ ಮೆಡಲುಗಳನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದ. “ಕೂತ್ಕಳವ್ವ, ರನ್ನಿಂಗ್ ರೇಸ್ ಕಣವ್ವ ಅದು!” ಬಾಗಿಲ ಹಿಂದಿದ್ದ ಹುಡುಗಿಗೆ ಆ ನಗು ಹಿಡಿಸಿತು. ಡಿಗ್ರಿ ಮುಗಿಸಲು ಬಿಡಬೇಕು ಎಂದು ಒಂದೇ ಒಂದು ಷರತ್ತು ಹಾಕಿದಳು.

“ಓದ್ಲಿ, ಬ್ಯಾಡ ಅನ್ನಲ್ಲ,” ಅಂದರು ಸಿದ್ದಲಕ್ಷ್ಮಮ್ಮ. “ಓಡೋದ್ ಮಾತ್ರ ಬ್ಯಾಡ. ನಾಕ್ ಜನ ಆಡ್ಕತಾರೆ.”

೪

ಈಗ ಮುಕ್ತಾಯ. ನನ್ನ ಹತ್ತಿರ ಸ್ಟಾಕ್ ಇದೆ.

ಮೊದಲನೆಯದು: ಅವಳು ಪಾಸಾಗುತ್ತಾಳೆ, ಅತ್ತೆ ಕಣ್ಣೀರಿಡುತ್ತಾ ತಬ್ಬಿಕೊಳ್ಳುತ್ತಾರೆ.

“ನಮ್ಮತ್ತೆನಾ? ಈರುಳ್ಳಿ ಹೆಚ್ಚುವಾಗ್ಲೂ ಅಳಲ್ಲ ಸಾರ್ ಅವ್ರು.”

ಇನ್ನೊಂದು: ಪರೀಕ್ಷೆ ಕೈಬಿಟ್ಟು, ನಾಲ್ಕು ವರ್ಷದ ಮಗಳಿಗೆ ಓಟದ ಶೂ ಕೊಡಿಸುತ್ತಾಳೆ. (ಗಂಟಲು ಕಟ್ಟುವುದು ಖಾತ್ರಿ.) ಇದಕ್ಕೆ ಬೈದೇಬಿಟ್ಟಳು.

“ನನ್ ಆಸೆ ತಗೊಂಡೋಗಿ ಮಗೀನ್ ಕಾಲಿಗ್ ಕಟ್ತೀರಾ? ಅವ್ಳಿಗೆ ಚಿತ್ರ ಬರ್ಯೋದ್ ಇಷ್ಟ. ನಾನಿನ್ನೂ ಇದೀನಲ್ಲ ಸಾರ್!”

ಹೌದಲ್ಲ. ನನಗೆ ನಾಚಿಕೆಯಾಯಿತು. ಎರಡನ್ನೂ ಅಳಿಸಿದೆ.

೫ (ಇದು ಅವಳು ಹೇಳಿದ್ದು, ನನ್ನ ಕೈವಾಡವಿಲ್ಲ)

ಪರೀಕ್ಷೆಯ ಬೆಳಿಗ್ಗೆ ಮಗುವನ್ನು ಯಾರ ಕೈಗೆ ಕೊಡುವುದೆಂದು ಸ್ವರ್ಣಲತಾ ಒದ್ದಾಡುತ್ತಿರುವಾಗ ಅತ್ತೆ ಒಳ್ಳೇ ಸೀರೆ ಉಟ್ಟು ಹೊರಗೆ ಬಂದರು. “ನಾನೂ ಬತ್ತೀನಿ ನಡಿ. ಮಗೀನ್ ಯಾರ್ ನೋಡ್ಕತಾರೆ ಅಲ್ಲಿ?” ತುಮಕೂರಿನ ಬಸ್ಸಿನಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ಪರೀಕ್ಷೆ ಮುಗಿಸಿ ಬಂದಾಗ ಅಜ್ಜಿ ಮೊಮ್ಮಗಳು ಕಾಲೇಜಿನ ಮರದಡಿ ಕಡಲೆಕಾಯಿ ಸುಲಿಯುತ್ತಿದ್ದರು. ಪೇಪರ್ ಹೇಗಿತ್ತು ಎಂದು ಅತ್ತೆ ಕೇಳಲಿಲ್ಲ. (ರಿಸಲ್ಟ್ ಇನ್ನೂ ಬಂದಿಲ್ಲ, ನೀವೂ ಕೇಳಬೇಡಿ.)

“ಎಲ್ಲೇ ನೀನ್ ಓಡ್ತಿದ್ದಿದ್ದು?”

ಸ್ವರ್ಣಲತಾ ಹಿಂದಿನ ಮೈದಾನಕ್ಕೆ ಕರೆದುಕೊಂಡು ಹೋದಳು. ಸುಣ್ಣದ ಗೆರೆಗಳು ಅಲ್ಲಲ್ಲಿ ಮಾಸಿದ್ದವು. ಸ್ಟಾರ್ಟ್ ಎಲ್ಲಿ, ತಿರುವು ಎಲ್ಲಿ, ತಾನು ಮಂಡಿ ತರಚಿಕೊಂಡದ್ದು ಎಲ್ಲಿ, ಎಲ್ಲ ತೋರಿಸಿದಳು. ಆಮೇಲೆ ಧೈರ್ಯ ಮಾಡಿ ಹೇಳಿಯೇಬಿಟ್ಟಳು: “ಪಾಸಾದ್ರೆ ಪಿ.ಟಿ. ಮೇಡಂ ಆಗ್ತೀನಿ ಅತ್ತೆ. ಮಕ್ಕಳಿಗೆ ಓಡೋದ್ ಕಲಿಸ್ತೀನಿ.”

ಸಿದ್ದಲಕ್ಷ್ಮಮ್ಮ ಮಾಸಿದ ಗೆರೆಯ ಮೇಲೆ ನಾಲ್ಕು ಹೆಜ್ಜೆ ನಡೆದು ತಿರುಗಿದರು.

“ಬ್ಯಾಡ ಬ್ಯಾಡ ಅಂದೆನೇ ಹೊರ್ತು, ನೀನ್ ಓಡೋದ್ನ ನಾನ್ ಒಂದ್ ದಿನಾನೂ ನೋಡ್ಲಿಲ್ವಲ್ಲೇ,” ಅಂದರು. “ಒಂದ್ ಸುತ್ತು ಓಡು, ನೋಡಾನ.”

“ಸೀರೇಲಾ ಅತ್ತೆ?”

“ಎತ್ತಿ ಸಿಕ್ಕಿಸ್ಕೊ.”

ಫೋನಿನಲ್ಲಿ ಇಷ್ಟು ಹೇಳಿ ಸ್ವರ್ಣಲತಾ ನಿಲ್ಲಿಸಿದಳು. ನಾನು ಪೆನ್ನು ಹಿಡಿದು ಕಾಯುತ್ತಲೇ ಇದ್ದೆ.

“ಆಮೇಲೆ?”

“ಅದ್ನ ಬರೀಬ್ಯಾಡಿ ಸಾರ್. ಅದು ನಮ್ಮತ್ತೆ ನೋಡಿದ್ದು.”