ಬೇಲಿಗೆ ಅಂಟಿದ ನಲವತ್ತು ಮುಖ

ಇಡೀ ಬಲ್ಗೇರಿಯದ ಪ್ರಧಾನಿಯನ್ನು ತನ್ನ ಬೇಲಿಯ ಮುಂದೆ ಮೂರು ಗಂಟೆ ನಿಲ್ಲಿಸಿದೆ ಎಂದು ನಮ್ಮೂರ ದೊನ್ಕಾ ಅಜ್ಜಿ ಕೊಚ್ಚಿಕೊಳ್ಳುತ್ತಾಳೆ. ಹಿಡಿದು ಕೇಳಿದರೆ, “ಅರ್ಧ ಸುಳ್ಳು ಕಣೇ, ಒಂದೂವರೆ ಗಂಟೆ” ಅನ್ನುತ್ತಾಳೆ.

ಆ ಪ್ರಧಾನಿ ವೆಸೆಲಿನ್ ಬೊಯಾಜೊವ್. ದೊಡ್ಡ ಅರ್ಥಶಾಸ್ತ್ರಿ, ಸೆಂಟ್ರಲ್ ಬ್ಯಾಂಕಿನ ಗವರ್ನರ್ ಆಗಿದ್ದವನು. ಹಳೇ ಲೆವ್ ನೋಟಿನ ಮೇಲೆ ಇದ್ದದ್ದು ಅವನದೇ ಸಹಿ. ಸರ್ಕಾರ ಬಿದ್ದಾಗ, ಚುನಾವಣೆ ಮುಗಿಯುವ ತನಕ ನೋಡಿಕೋ ಎಂದು ಅವನನ್ನು ಕೂರಿಸಿದರು. ಎರಡು ತಿಂಗಳ ಪ್ರಧಾನಿ. ಈ ಸಲ ಕಳ್ಳವೋಟು ಬೀಳಕೂಡದು ಎಂದು ಊರೂರು ಸುತ್ತುತ್ತಿದ್ದ.

ಅವನು ಬರುತ್ತಾನೆಂದಾಗ ನಮ್ಮೂರ ಮೇಯರ್ ತಿಖೊನಿಗೆ ಗೇಟುಗಳ ಮೇಲಿನ ಕಾಗದದ ಚಿಂತೆ ಹತ್ತಿತು. ನಮ್ಮಲ್ಲಿ ಯಾರಾದರೂ ಸತ್ತರೆ ಫೋಟೊ, ತಾರೀಖು ಹಾಕಿದ ಕಾಗದವನ್ನು ಗೇಟಿಗೆ ಅಂಟಿಸುತ್ತೇವೆ, ವರ್ಷವರ್ಷವೂ ಹೊಸದು. ಆ ಕಾಗದಗಳಲ್ಲಿದ್ದ ನಲವತ್ತು ಸತ್ತವರೂ ತಪ್ಪದೆ ತಿಖೊನ ಪಕ್ಷಕ್ಕೆ ವೋಟು ಹಾಕುತ್ತಿದ್ದರು. ಪ್ರಧಾನಿ ಬರುವ ದಿನ ಬೆಳಿಗ್ಗೆಯೇ ತಿಖೊ ಎಲ್ಲ ಕಾಗದ ಕೀಳಿಸಿದ. ದೊನ್ಕಾಳ ಗಂಡ ಜೆಲ್ಯೊನದೂ ಹೋಯಿತು.

“ಯಾರನ್ನ ಕೇಳಿ ಕಿತ್ತೆಯೋ?”

“ಊರು ನೀಟಾಗಿ ಕಾಣ್ಲಿ ಅಂತ, ಅಜ್ಜಿ. ಸುಮ್ನಿರು. ಚಳಿಗಾಲಕ್ಕೆ ಪಂಚಾಯ್ತಿ ಸೌದೆ ಬೇಕು ತಾನೆ?”

“ಮಡಿಕ್ಕೊ ನಿನ್ನ ಸೌದೆ. ನನ್ನ ಗಂಡ ಬದುಕಿದ್ದಾಗ ಒಂದ್ಸಲನೂ ವೋಟು ಹಾಕ್ದೋನಲ್ಲ, ಸೋಮಾರಿ. ಸತ್ತ ಮೇಲೆ ನಾಲ್ಕು ಸಲ ಹಾಕವ್ನೆ. ಸಾವೂ ಅವನದಲ್ಲ ಅಂದ್ರೆ ಹೆಂಗೆ?”

ಅವಳು ಹಿಟ್ಟಿನ ಅಂಟು ಕುದಿಸಿದಳು. ಊರಿನ ವಿಧವೆಯರೆಲ್ಲ ಟ್ರಂಕು ತೆಗೆದು ಉಳಿದಿದ್ದ ಹಳೇ ಕಾಗದ ತಂದರು. ಕಾರು ಬರುವಷ್ಟರಲ್ಲಿ ದೊನ್ಕಾಳ ಬೇಲಿಯ ತುಂಬ ನಲವತ್ತು ಮುಖ.

ವೆಸೆಲಿನ್ ಕಾರು ನಿಲ್ಲಿಸಿ ಇಳಿದ. ಪೇಟೆಯ ತೆಳು ಬೂಟಿನಲ್ಲಿ ಕೆಸರಲ್ಲೇ ನಿಂತು, ಮತದಾರರ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದಿದ.

“ಜೆಲ್ಯೊ ದಿನೆವ್. ಸತ್ತು ಆರು ವರ್ಷ. ಹೋದ ವರ್ಷ ಬಂದು ವೋಟು ಹಾಕಿದ್ದಾರೆ.”

“ಹೂಂ ಮಗಾ. ಮನೆ ಕಡೆ ಮಾತ್ರ ತಲೆ ಹಾಕ್ಲಿಲ್ಲ.”

ಪಕ್ಕದಲ್ಲೇ ಇದ್ದ ತಿಖೊ ಅಡ್ಡ ಬಂದ. “ಸಾರ್, ನೀವು ಎರಡು ತಿಂಗಳಿಗೆ ಮನೆಗೆ ಹೋಗೋರು. ಇಲ್ಲೇ ಇರೋನು ನಾನು.”

“ಅದಕ್ಕೇ ನನಗೆ ಭಯ ಇಲ್ಲ, ಮೇಯರ್ ಸಾಹೇಬ್ರೆ. ಮುಂದಿನ ಸಲ ನನಗೆ ಯಾರ ವೋಟೂ ಬೇಕಾಗಿಲ್ಲ,” ಎಂದು ವೆಸೆಲಿನ್ ಪೆನ್ನು ತೆಗೆದ. ನೋಟಿನ ಮೇಲಿದ್ದ ಅದೇ ಸಹಿ, ಈಗ ಹೊಡೆದುಹಾಕಿದ ನಲವತ್ತು ಹೆಸರಿನ ಕೆಳಗೆ.

ಹೋದ ಸಲ ನಮ್ಮೂರಲ್ಲಿ ತಿಖೊನ ಪಕ್ಷ ಮುಂದಿದ್ದದ್ದು ಮೂವತ್ತೊಂದೇ ವೋಟಿನಿಂದ. ಈ ಸಲ ಏನಾಯಿತು, ಆ ಚಳಿಗಾಲ ನಡುಗಿದ್ದು ದೊನ್ಕಾಳೋ ತಿಖೊನೋ, ನೀವೇ ಹೇಳಿ ನೋಡೋಣ.