ಒಂದು ಗೇಣು ಅಗಲ

ಹಾರೆ ನೆಲಕ್ಕೆ ಬಿದ್ದು ಠಣ್ಣೆಂದು ಮೇಲಕ್ಕೆ ಪುಟಿಯಿತು. ಕಾಶೀಂಸಾಬ ಜುಮುಗುಟ್ಟುವ ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಎತ್ತಿದ. ಖಬರಸ್ತಾನದ ಮೋಟು ಗೋಡೆಯ ಹೊರಗೆ, ಬೇವಿನ ಮರದ ನೆರಳಿನಲ್ಲಿ ಕೂತಿದ್ದ ಜಮಾಲಬಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಸಾಗಿಸಿದಳು.

"ಕಾಶೀಂಭಾಯಿ, ಕುಣಿ ತೋಡಾಕತ್ತಿಯೋ, ಗುಡಿ ಗಂಟಿ ಬಾರ್ಸಾಕತ್ತಿಯೋ?"

ಎಪ್ಪತ್ತು ದಾಟಿದ ಕಾಶೀಂಸಾಬನಲ್ಲಿದ್ದ ಉಸಿರು ಹಾರೆಗೇ ಸಾಲುತ್ತಿರಲಿಲ್ಲ. ಮಣ್ಣು ಬಾಚಿ ಮೇಲಕ್ಕೆ ಎಸೆಯುತ್ತಿದ್ದ ಶಿವನಪ್ಪ ಮಾತ್ರ ನಕ್ಕ. ಅವನ ಹೊಲ ಖಬರಸ್ತಾನಕ್ಕೆ ಹತ್ತಿಕೊಂಡೇ ಇತ್ತು. ಮುಂಜಾನೆ ಸಲಿಕೆ ಹಿಡಿದು ಹೊಲಕ್ಕೆ ಹೊರಟವನನ್ನು ಜಮಾಲಬಿಯೇ ಅಡ್ಡಗಟ್ಟಿ ಇಲ್ಲಿ ಇಳಿಸಿದ್ದಳು. ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ, ಮುಮತಾಜ ಬರುವುದು ಇವತ್ತೊಂದೇ ದಿನ ಎಂದಿದ್ದಳು.

ಮುಮತಾಜಬಿ ಅವಳ ತಂಗಿ. ಮೂವತ್ತು ವರ್ಷದ ಹಿಂದೆ ಗಂಡನ ಬೆನ್ನು ಹತ್ತಿ ಬೆಂಗಳೂರಿಗೆ ಹೋದವಳು, ಅಲ್ಲಿಯ ದವಾಖಾನೆಯಲ್ಲಿ ಈ ದಿನ ಬೆಳಗಿನ ಬಾಂಗಿಗೆ ಮೊದಲೇ ತೀರಿಕೊಂಡಿದ್ದಳು. ಮಗ ಸಾಜೀದ ಫೋನು ಮಾಡಿ, ಅಮ್ಮಿಯನ್ನು ರಾಜೂರಿಗೇ ತರುತ್ತೇವೆ, ಅವಳ ಆಸೆ ನಿನಗೆ ಗೊತ್ತಲ್ಲ ಎಂದಿದ್ದ. ಗೊತ್ತಿಲ್ಲದೆ ಏನು. ಸಣ್ಣವರಿದ್ದಾಗ ಒಂದೇ ಕೌದಿಯಲ್ಲಿ ತಾಯಿ ನಡುವೆ, ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಆ ತಾಯಿ ಈ ಗೋಡೆಯ ಒಳಗೆ ಮಲಗಿ ನಲವತ್ತು ವರ್ಷವಾಗಿತ್ತು. ಅವಳ ಎಡಬಲದ ಜಾಗವನ್ನು ಜಮಾಲಬಿ ಊರಿನ ಬದುಕಿದವರ ಜೊತೆಗಷ್ಟೇ ಅಲ್ಲ, ಸತ್ತವರ ಜೊತೆಗೂ ಜಗಳ ತೆಗೆದು ಕಾಯ್ದುಕೊಂಡು ಬಂದಿದ್ದಳು.

ಕುಣಿ ತೋಡುವುದು ಎಂದರೆ ಮೊದಲೆಲ್ಲ ಎರಡು ತಾಸಿನ ಮಾತು. ಇಪ್ಪತ್ತು ಹುಡುಗರು ನಾ ಮುಂದು ತಾ ಮುಂದು ಎಂದು ಹಾರೆ ಕಸಿದುಕೊಳ್ಳುತ್ತಿದ್ದರು. ಈಗ ಆ ಹುಡುಗರಲ್ಲಿ ಅರ್ಧ ಮಂದಿ ಬೆಂಗಳೂರಿನಲ್ಲಿ ಫರಸಿ ಹಾಸುತ್ತ, ಗೋಡೆಗೆ ಬಣ್ಣ ಹೊಡೆಯುತ್ತ ಅಲ್ಲಿಯವರೇ ಆಗಿದ್ದರು. ಉಳಿದ ಅರ್ಧ ನಿನ್ನೆ ಸಂಜೆ ನಾಲ್ಕು ಬಸ್ಸು ತುಂಬಿಕೊಂಡು ಅಲ್ಲಿಗೇ ಹೋಗಿತ್ತು, ದೊಡ್ಡ ಮೆರವಣಿಗೆಗೆ. ಸುತ್ತಲಿನ ಊರುಗಳ ಕೆರೆಗೆ ನೀರು ತುಂಬಿಸಿಕೊಡಿ ಎಂದು ಕೇಳುವುದಿತ್ತು. ಕಾಶೀಂಸಾಬನ ಮಗ ದಿಲಾವರ ಹೋಗಿದ್ದ, ಶಿವನಪ್ಪನ ಇಬ್ಬರು ಮಕ್ಕಳು ಹೋಗಿದ್ದರು. ಜೆಸಿಬಿ ಓಡಿಸುವವನು ಕೂಡ ಹೋಗಿದ್ದ. ಒಣಗಿದ ಕೆರೆ ಖಬರಸ್ತಾನದ ಹಿಂದೆಯೇ ಇತ್ತು, ಜಮಾಲಬಿ ಕೂತಲ್ಲಿಂದ ಕಾಣುತ್ತಿತ್ತು. ನೀರು ಕೊಡುವವರು ಬೆಂಗಳೂರಿನಲ್ಲಿದ್ದರು. ಹೀಗೇ ಆದರೆ ನಾಳೆ ರಾಜೂರಿನಲ್ಲಿ ಒಂದು ಸೀನು ಬಂದರೂ ಅದನ್ನು ಮೂಗಿನಲ್ಲೇ ಹಿಡಿದುಕೊಂಡು, ಬೆಂಗಳೂರಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದು ಸೀನಬೇಕಾಗುತ್ತದೆ ಎಂದು ಜಮಾಲಬಿ ಬಸ್ಸು ಹತ್ತುವವರಿಗೆಲ್ಲ ಹೇಳಿ ಕಳಿಸಿದ್ದಳು.

ಹಾಗಾಗಿ ಇಬ್ಬರು ಮುದುಕರು ಸೂರ್ಯ ಹುಟ್ಟುವಾಗಲೇ ಶುರು ಮಾಡಿದ್ದರು. ಗಾಡಿ ಬರಲು ಹತ್ತು ತಾಸು ಬೇಕು, ಅಷ್ಟರಲ್ಲಿ ಆಗುತ್ತದೆ ಎಂಬುದು ಜಮಾಲಬಿಯ ಲೆಕ್ಕ. ಮೇಲಿನ ಒಂದು ಮೊಳ ಮಣ್ಣು ಬೆಣ್ಣೆಯ ಹಾಗೆ ಬಂತು. ಕೆಳಗೆ ಕೆಂಪು ಗರಸು, ಕಲ್ಲಿನಂಥದು.

ಅವಳ ನಾಲ್ಕು ಆಡುಗಳು ಗೋಡೆ ಹಾರಿ ಒಳಗೆ ಹೋಗುತ್ತಲೇ ಇದ್ದವು. ಗೋರಿಗಳ ದಿಬ್ಬ ಬಂದರೆ ಬಳಸಿ ಹೋಗುವಷ್ಟು ಬುದ್ಧಿ ಅವಕ್ಕಿತ್ತು. ಆದರೂ ಜಮಾಲಬಿ ಅವುಗಳ ಏಳು ತಲೆಮಾರನ್ನು ಬೈದು, ಹರಳು ಎಸೆದು ಹೊರಗೆ ಹಾಕುತ್ತಿದ್ದಳು. ಅವಳು ಮಾತ್ರ ಒಳಗೆ ಕಾಲಿಡಲಿಲ್ಲ. ಮಣ್ಣು ಮಾಡುವ ದಿನ ಹೆಂಗಸರು ಗೋಡೆ ದಾಟುವ ಪದ್ಧತಿ ಇರಲಿಲ್ಲ.

ಕಾಶೀಂಸಾಬ ಹಾರೆ ಒರಗಿಸಿ, ಕೋಲಿನಿಂದ ಉದ್ದ ಅಗಲ ಅಳೆದ.

"ಅಗಲ ಒಂದ ಗೇಣು ಜಾಸ್ತಿ ತಗಿ," ಅಂದಳು ಜಮಾಲಬಿ.

"ಯಾಕ ಆಪಾ, ಮುಮತಾಜ ಸಣಕಲಿ ಇದ್ದಳಲ್ಲ."

"ಸಣಕಲಿ ಖರೇ. ಮಲಗಿದ್ಳಂದ್ರ ಶೇಂಗಾದ ಬಳ್ಳಿ ಹಬ್ಬಿದಂಗ ಹಬ್ತಾಳ. ಆಕಿ ಒದ್ದ ಒದಿಗೆ ನನ್ನ ಪಕ್ಕೆಲುಬು ಇನ್ನಾ ಸೊಟ್ಟ ಅದಾವು. ಆರಾಮ ಮಲಗ್ಲಿ ಬಿಡು."

ಕಾಶೀಂಸಾಬ ತಲೆಯಾಡಿಸಿ ಕೋಲನ್ನು ಒಂದು ಗೇಣು ಸರಿಸಿದ. ಒಂದು ಗೇಣು ಗರಸು ಎಂದರೆ ಒಂದು ತಾಸಿನ ಕೆಲಸ. ಶಿವನಪ್ಪ ಏನೋ ಗೊಣಗಿ ಅಂಗೈಗೆ ಉಗುಳಿಕೊಂಡ.

ಹನ್ನೊಂದರ ಹೊತ್ತಿಗೆ ಜಮಾಲಬಿಯ ಕುಪ್ಪಸದೊಳಗಿನ ಫೋನು ಬಡಿದುಕೊಂಡಿತು. ಸಾಜೀದ. ಅವನ ದನಿಯ ಹಿಂದೆ ನೂರಾರು ಗಾಡಿಗಳು ಹಾರ್ನ್ ಒದರುತ್ತಿದ್ದವು, ಎಲ್ಲೋ ಮೈಕು ಕೂಗುತ್ತಿತ್ತು. ಏಳು ಗಂಟೆಗೇ ಅಮ್ಮಿಯನ್ನು ಗಾಡಿಗೆ ಹಾಕಿಕೊಂಡಿದ್ದೇವೆ, ಇನ್ನೂ ಊರು ದಾಟಿಲ್ಲ, ರಸ್ತೆ ತುಂಬ ಬಾವುಟ ಹಿಡಿದ ಜನ, ಪೊಲೀಸರು ಎಲ್ಲ ಕಡೆ ಅಡ್ಡ ಹಾಕಿದ್ದಾರೆ ಎಂದು ಅವನು ಅಳುತ್ತಿದ್ದ. ನಲವತ್ತರ ಗಂಡಸು ಆರು ವರ್ಷದವನ ಹಾಗೆ ಬಿಕ್ಕುತ್ತಿದ್ದ. ಆರು ವರ್ಷದವನಿದ್ದಾಗ ಅವನು ಬಿದ್ದು ಮೊಣಕಾಲು ಕೆತ್ತಿಕೊಂಡರೆ, ಕಾಲು ಕತ್ತರಿಸಿ ಕೋಳಿಯ ಕಾಲು ಹಚ್ಚುತ್ತೇನೆ ಎಂದು ಜಮಾಲಬಿ ನಗಿಸುತ್ತಿದ್ದಳು. ಬಾವುಟ ಹಿಡಿದವರಲ್ಲಿ ನಮ್ಮ ದಿಲಾವರ ಇದ್ದಾನೆ, ಕಿವಿ ಹಿಂಡಿ ದಾರಿ ಬಿಡಿಸಿಕೋ ಎಂದಳು. ಅವನು ನಗಲಿಲ್ಲ.

"ಖಾಲಾ, ಅಲ್ಲಿ ಕುಣಿ ಆತೇನು?"

ಕುಣಿ ಶಿವನಪ್ಪನ ಸೊಂಟದ ಮಟ್ಟ ಬಂದಿತ್ತು. ಇನ್ನೆರಡು ತಾಸು ಹಿಡಿಯುತ್ತಿತ್ತು. ಜಮಾಲಬಿ ಅತ್ತ ನೋಡಿ, ಇಬ್ಬರಿಗೂ ಕೇಳುವ ಹಾಗೆ ದನಿ ಏರಿಸಿದಳು.

"ಎಲ್ಲಿ ಕುಣಿನಪ್ಪಾ. ಇಲ್ಲಿ ಉಳಿದಿದ್ದು ಎರಡ ಮುದಿ ಕ್ವಾಣ. ಮುಂಜಾನಿಂದ ಕೆರದಾವು, ಒಂದ ಕೋಳಿ ಮುಚ್ಚಾಕೂ ಸಾಲಂಗಿಲ್ಲ. ಇವತ್ತಂತೂ ಆಗೂದಲ್ಲ ಹೋಗೂದಲ್ಲ, ಬಕ್ರೀದಿಗೆ ಮುಗದ್ರ ನಮ್ಮ ಪುಣ್ಯೆ. ಊರಿನ ಗಂಡಸರನ್ನೆಲ್ಲ ನೀವ ಇಟಗೊಂಡೀರಿ, ಮದ್ಲ ಅವರನ್ನ ಹೊಳ್ಳಿ ಕಳಸ್ರಿ."

ಕುಣಿಯೊಳಗಿಂದ ಶಿವನಪ್ಪ ಗಹಗಹಿಸಿ ನಕ್ಕ. ಕಾಶೀಂಸಾಬನಿಗೂ ನಗು ಬಂತು. ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಹಾರ್ನ್ ಕೇಳಿಸಿತು. ಆಮೇಲೆ ಸಾಜೀದ "ಹೌದೇನು ಖಾಲಾ" ಎಂದು ಸಣ್ಣಗೆ ಅಂದ. ಅಷ್ಟರಲ್ಲಿ ಕಟ್ಟಾಯಿತು.

ಒಂದು ಗಂಟೆಗೆ ಕುಣಿ ಮುಗಿಯಿತು. ನಾಲ್ಕೂ ಗೋಡೆ ಕೊಯ್ದಿಟ್ಟ ಹಾಗೆ ನೆಟ್ಟಗೆ, ಮೂಲೆಗಳು ಚೊಕ್ಕ. ತನ್ನ ಆಯುಷ್ಯದಲ್ಲಿ ಇಂಥ ಕುಣಿ ತೋಡಿಲ್ಲ ಎಂದ ಕಾಶೀಂಸಾಬ. ಮೇಲೆ ಮುಚ್ಚುವ ಕಲ್ಲುಚಪ್ಪಡಿಗಳನ್ನು ಶಿವನಪ್ಪ ಸಾಲಾಗಿ ಜೋಡಿಸಿಟ್ಟ. ಜಮಾಲಬಿ ಗೋಡೆಯ ಹೊರಗಿನಿಂದಲೇ ಕುತ್ತಿಗೆ ಚಾಚಿ ನೋಡಿ, ಇದರಲ್ಲಿ ಮುಮತಾಜ ಮಲಗಿ ಉಳಿದ ಜಾಗದಲ್ಲಿ ನಾಲ್ಕು ಚೀಲ ಜೋಳ ಇಡಬಹುದು ಅಂದಳು. ಮನೆಯಿಂದ ತರಿಸಿದ ರೊಟ್ಟಿಯನ್ನು ಮೂವರೂ ತಿಂದರು. ಆಡುಗಳು ನೆರಳು ಹಿಡಿದು ಮಲಗಿದವು.

ಸಾಜೀದನ ಫೋನು ಆಮೇಲೆ ಹತ್ತಲಿಲ್ಲ. ಜಮಾಲಬಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಹಸಿರು ಗುಂಡಿಯನ್ನು ಎರಡು ಸಲ ಒತ್ತಿದರೆ ಕೊನೆಗೆ ಮಾತಾಡಿದವರಿಗೆ ಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಒತ್ತಿದಳು. ಒಬ್ಬ ಹೆಂಗಸು ನಯವಾಗಿ ಏನೋ ಹೇಳಿದಳು. ಮತ್ತೆ ಒತ್ತಿದಳು, ಅದೇ ಹೆಂಗಸು. ಇವಳಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲ ಎಂದು ಬೈದು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

ಬೇವಿನ ನೆರಳು ಮೂಡಣಕ್ಕೆ ಹೊರಳಿ ಉದ್ದವಾಯಿತು. ಸಂಜೆಯ ನಮಾಜಿಗೆ ಇನ್ನೂ ಹೊತ್ತಿರುವಾಗ ಫೋನು ಬಂತು. ಈಗ ಹಿಂದೆ ಹಾರ್ನ್ ಇರಲಿಲ್ಲ.

"ಎಲ್ಲಿದ್ದೀಯೋ?" ಅಂದಳು.

"ಖಾಲಾ, ಅಮ್ಮೀನ ಮಣ್ಣ ಮಾಡಿದ್ವಿ."

ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

ಸಾಜೀದ ಒಂದೇ ಉಸಿರಿನಲ್ಲಿ ಹೇಳುತ್ತ ಹೋದ. ನಾಲ್ಕು ತಾಸಿನಲ್ಲಿ ಗಾಡಿ ಒಂದು ಫರ್ಲಾಂಗು ಹೋಗಿತ್ತು. ಒಳಗೆ ತಂಪಿನ ಪೆಟ್ಟಿಗೆ ಇರಲಿಲ್ಲ. ಜೊತೆಗಿದ್ದ ಹಿರಿಯರು ಗಾಡಿ ಹೊಳ್ಳಿಸಿ ಇಲ್ಲೇ ಮಣ್ಣು ಮಾಡೋಣ ಅಂದರು. ಅವನು ಗಾಡಿಯ ಬಾಗಿಲು ಹಿಡಿದುಕೊಂಡು ಒಲ್ಲೆ ಅಂದಿದ್ದ. ರಾತ್ರಿಯಾದರೂ ಸರಿ, ಊರು ಮುಟ್ಟಿಸುತ್ತೇನೆ ಅಂದಿದ್ದ.

"ಆದ್ರ ನೀನ ಅಂದಿಯಲ್ಲ ಖಾಲಾ, ಇವತ್ತ ಕುಣಿ ಆಗಂಗಿಲ್ಲಂತ. ತೋಡಾಕ ಮಂದೀನ ಇಲ್ಲಂತ. ಒಯ್ದು ಈ ಬಿಸಲಾಗ ಅಮ್ಮೀನ ಎಲ್ಲಿ ಇಡ್ಲಿ?"

ಜಮಾಲಬಿ ಕುಣಿಯತ್ತ ನೋಡಿದಳು. ಕಾಶೀಂಸಾಬ ಅದರ ಅಂಚಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಆಚೆ ಹಾಕುತ್ತಿದ್ದ.

"ಜಾಗಾ ಚಲೋ ಐತೇನು?" ಎಂದು ಕೇಳಿದಳು.

"ಜಾಗಾ ಎಲ್ಲೈತಿ. ಮೂರ ಕಡೆ ಅಡ್ಡಾಡಿದ್ವಿ, ತುಂಬೇತಿ ಅಂದ್ರು. ಕಡೀಕ ಒಂದ ಹಳೀ ಗೋರಿ ತಗದು ಕೊಟ್ರು. ಒಳಗಿದ್ದ ಎಲುವು ಬಾಜೂಕ ಸರಿಸಿ..."

"ಯಾರವು?"

"ಗೊತ್ತಿಲ್ಲ ಖಾಲಾ."

ಆಮೇಲೆ ಅವನೇ, ಖಾಲಾ ಸಿಟ್ಟಾದೆಯಾ ಎಂದು ಕೇಳಿದ. ಇಲ್ಲ ಮಗಾ, ನೀ ಉಂಡು ಮಲಕ್ಕೋ ಅಂದಳು. ಫೋನನ್ನು ಕುಪ್ಪಸಕ್ಕೆ ಸೇರಿಸಿದಳು.

ಕಾಶೀಂಸಾಬ ಗೋಡೆಯ ಹತ್ತಿರ ಬಂದ. ಏನಂತೆ ಎಂದು ಕೇಳಿದ.

"ಅಲ್ಲೇ ಮಣ್ಣ ಮಾಡಿದ್ರಂತ."

"ಯಾಕ?"

"ದಾರಿ ಸಿಗಲಿಲ್ಲಂತ."

ಕಾಶೀಂಸಾಬ ಕಾದ. ಬಸ್ಸು ಐದು ನಿಮಿಷ ತಡವಾದರೂ ಅದರ ಮೇಲೆ ಐದು ತಾಸು ಮಾತಾಡುವ ಹೆಂಗಸು. ಮುಂದಿನ ಮಾತು ಬರಲಿಲ್ಲ. ಅವಳು ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಕಾಶೀಂಸಾಬನೇ, ಹೊತ್ತು ಮುಳುಗುವುದರೊಳಗೆ ಮುಚ್ಚಬೇಕು ಆಪಾ ಅಂದ. ಮನುಷ್ಯನ ಹೆಸರು ಹೇಳಿ ತೋಡಿದ ಕುಣಿಯನ್ನು ಖಾಲಿ ಬಿಟ್ಟು ರಾತ್ರಿ ಮಾಡಬಾರದು ಎಂದು ಅವನ ಅಪ್ಪ ಮಹಮ್ಮದಸಾಬ ಹೇಳುತ್ತಿದ್ದ. ಹಾಗೇನಾದರೂ ಆದರೆ ಒಂದು ಹಸಿ ಟೊಂಗೆಯನ್ನಾದರೂ ಮಲಗಿಸಿ ಮುಚ್ಚಬೇಕು. ಅಪ್ಪನ ಕಾಲದಲ್ಲಿ ಹಾಗೆ ಆಗಿರಲಿಲ್ಲ. ಮಾತು ಮಾತ್ರ ಇತ್ತು.

"ನನಗ ಇರ್ಲಿ ಬಿಡು," ಅಂದಳು ಜಮಾಲಬಿ. "ನಾನ ಬಂದು ಮಲಗತೀನಿ."

ಶಿವನಪ್ಪ ರೂಢಿಯಂತೆ ನಗಲು ಬಾಯಿ ತೆರೆದ. ಅವಳ ಮುಖ ನೋಡಿ ನಗದೆ ಗೋಡೆ ಹತ್ತಿ ಬೇವಿನ ಒಂದು ಟೊಂಗೆ ಮುರಿದ. ಆಳಿಗಿಂತ ಉದ್ದದ ಟೊಂಗೆ, ತುಂಬ ಎಲೆ.

ಜಮಾಲಬಿ ಎದ್ದು ಗೋಡೆ ದಾಟಿ ಒಳಗೆ ಬಂದಳು. ಕಾಶೀಂಸಾಬ ಕೈ ಅಡ್ಡ ಮಾಡಿದವನು ಕೆಳಗಿಳಿಸಿದ. ಮಣ್ಣಿನ ದಿನ ಹೆಂಗಸರು ಬರಬಾರದು, ಆದರೆ ಇವತ್ತು ಇಲ್ಲಿ ಯಾರ ಮಣ್ಣೂ ಇರಲಿಲ್ಲ. ಅವಳು ತಾಯಿಯ ದಿಬ್ಬದ ಪಕ್ಕ ನಿಂತು, ಶಿವನಪ್ಪ ಟೊಂಗೆಯನ್ನು ತಳದಲ್ಲಿ ಇಡುವುದನ್ನು ನೋಡಿದಳು. ಟೊಂಗೆಯ ಎರಡೂ ಬದಿಗೆ ಬೇಕಾದಷ್ಟು ಜಾಗ ಉಳಿದಿತ್ತು. ಅಡ್ಡ ಮಲಗಿಸು, ಅಗಲ ತುಂಬಲಿ ಎಂದಳು. ಶಿವನಪ್ಪ ಅಡ್ಡ ಮಾಡಿದ. ತುದಿ ಕುಣಿಯ ಗೋಡೆಗೆ ತಾಗಿ ಅಂಚಿನವರೆಗೂ ಮೇಲಕ್ಕೆ ಬಾಗಿತು.

ಚಪ್ಪಡಿಗಳು ಬದಿಗೇ ಉಳಿದವು, ಮಣ್ಣು ಬೀಳತೊಡಗಿತು. ತೋಡಲು ಏಳು ತಾಸು ತೆಗೆದುಕೊಂಡದ್ದು ಮುಚ್ಚಲು ಅರ್ಧ ತಾಸೂ ಹಿಡಿಯಲಿಲ್ಲ. ಮನುಷ್ಯ ಒಳಗಿದ್ದರೆ ಮಣ್ಣು ಉಳಿದು ದಿಬ್ಬವಾಗುತ್ತದೆ. ಈಗ ಇದ್ದದ್ದೆಲ್ಲ ಒಳಗೇ ಹೋಗುತ್ತಿತ್ತು. ಸಡಿಲಾಗಿ ಉಬ್ಬಿದ್ದನ್ನು ತುಳಿದು ಕೂರಿಸಬೇಕಿತ್ತು. ಕಾಶೀಂಸಾಬ ಐವತ್ತು ವರ್ಷ ಕುಣಿ ತೋಡಿದವನು, ಒಂದು ಗೋರಿಯ ಮೇಲೂ ಕಾಲಿಟ್ಟವನಲ್ಲ. ಸಲಿಕೆ ಹಿಡಿದುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಚಪ್ಪಲಿ ಬಿಟ್ಟು, ಕಣ್ಣು ಕೆಳಗೆ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ತುಳಿಯುತ್ತ ಹೋದ. ಶಿವನಪ್ಪ ಅವನ ಹಿಂದೆ ತುಳಿದ.

ಬೆಂಗಳೂರಿಗೆ ಹೋದ ಬಸ್ಸುಗಳು ನಾಳೆ ಮುಂಜಾನೆ ಬರುತ್ತವೆ, ದಿಲಾವರ ಫೋನು ಮಾಡಿದ್ದ, ಮೆರವಣಿಗೆ ಭಾರಿ ಆಯಿತಂತೆ, ಇಡೀ ಬೆಂಗಳೂರು ಬಂದಾಗಿತ್ತಂತೆ ಎಂದು ಕಾಶೀಂಸಾಬ ಕಾಲು ಝಾಡಿಸಿಕೊಳ್ಳುತ್ತ ಹೇಳಿದ. ಇಬ್ಬರೂ ಹಾರೆ, ಸಲಿಕೆ ಹೆಗಲಿಗೇರಿಸಿಕೊಂಡು ಹೋದರು.

ನೆಲ ಸಮವಾಗಿತ್ತು. ಒಂದು ಬದಿಗೆ ಮಾತ್ರ ಬೇವಿನ ಟೊಂಗೆಯ ತುದಿ ನಾಲ್ಕು ಎಲೆಯೊಂದಿಗೆ ಮಣ್ಣಿನಿಂದ ಹೊರಗೆ ಇಣುಕಿತ್ತು. ಆಡುಗಳು ಎದ್ದು ಗೋಡೆ ಹಾರಿ ಬಂದವು. ತಾಯಿಯ ದಿಬ್ಬವನ್ನು ಬಳಸಿ, ಹೊಸ ಮಣ್ಣಿನ ನಡುವೆ ನೇರವಾಗಿ ಹಾದವು. ಎಲ್ಲಕ್ಕಿಂತ ಸಣ್ಣದು ಹಿಂದೆ ಉಳಿದು, ಆ ನಾಲ್ಕು ಎಲೆಗಳನ್ನು ಕಂಡು ತಿನ್ನತೊಡಗಿತು. ಜಮಾಲಬಿಯ ಕೈಯಲ್ಲಿ ಹರಳು ಇತ್ತು. ಅವಳು ಎಸೆಯಲಿಲ್ಲ.